ಹೊಳೆಯಾಚೆ ಸಿಕ್ಕ ಆಕಳು

"ನನ್ನ ದನದ ಹಗ್ಗ ಕೊಯ್ದವ್ರು ಯಾರು?"

ನಂದಕುಮಾರ ಶಾಲೆಯ ಬಾಗಿಲಲ್ಲೇ ನಿಂತು ಕೂಗಿದ. ಔರಾದ್‌ನ ಆ ಶಾಲೆ ಈಗ ನೆರೆ ಸಂತ್ರಸ್ತರ ಕೇಂದ್ರವಾಗಿತ್ತು. ಉಣ್ಣುತ್ತಿದ್ದವರೆಲ್ಲ ತಲೆ ಎತ್ತಿದರು.

"ನಾನೇ ರೀ," ಎಂದಳು ಸಾರು ಬಡಿಸುತ್ತಿದ್ದ ವಿಜಯಶ್ರೀ. ಆಕೆ ಪಶು ಆಸ್ಪತ್ರೆಯ ಡಾಕ್ಟರ್. ಊರು ಭಾಲ್ಕಿ.

"ಯಾರನ್ನ ಕೇಳಿ ಕೊಯ್ದ್ರಿ?"

"ಯಾರನ್ನ ಕೇಳ್ಬೇಕಿತ್ತು? ನೀವು ಬೀದರ್‌ದಾಗ. ಫೋನ್ ಹತ್ತಲಿಲ್ಲ. ನೀರು ಹೊಟ್ಟಿ ಮಟ ಬಂದಿತ್ತು. ಕಟ್ಟಿದಲ್ಲೇ ಸಾಯ್ಲಿ ಅಂತ ಬಿಡಬೇಕಿತ್ತೇನ್ರಿ?"

ಆಂಧ್ರದ ಕರಾವಳಿಗೆ ಬಡಿದ ಚಂಡಮಾರುತ ಇಲ್ಲಿಗೆ ಬರುವಷ್ಟರಲ್ಲಿ ಬರೀ ಮಳೆಯಾಗಿತ್ತು. ಆದರೆ ಆ ಮಳೆ ನಿಲ್ಲಲಿಲ್ಲ. ಮಾಂಜ್ರಾ ಹೊಳೆ ಸೋಯಾ ಹೊಲಗಳನ್ನು ದಾಟಿ ದಂಡೆಯ ಮೇಲಿನ ಅವನ ಊರೊಳಗೆ ನುಗ್ಗಿತು. ಬೀದರ್ ಪಕ್ಕದ ಕೊಳಾರದ ಗೋದಾಮಿನಲ್ಲಿ ಕೆಲಸಕ್ಕಿದ್ದ ನಂದಕುಮಾರ, ಸೇತುವೆ ಮುಳುಗಿದ್ದರಿಂದ ಬೀದರ್‌ನಲ್ಲೇ ಸಿಕ್ಕಿಹಾಕಿಕೊಂಡಿದ್ದ; ದಾರಿ ತೆರೆದ ಮೇಲಷ್ಟೇ ಬಂದಿದ್ದ.

ಅವನು ಇನ್ನೂ ಏನೋ ಹೇಳಲಿದ್ದ. ಮೂಲೆಯಲ್ಲಿ ಪಕ್ಕದ ಮನೆಯ ಸತ್ಯಮ್ಮ ಗೋಡೆಗೆ ಒರಗಿ ಕೂತಿದ್ದಳು. ಆಕೆಯ ಗಂಡ ಹಾವಗೆಪ್ಪ ವಿಜಯಶ್ರೀ ಬಂದಿದ್ದ ರಕ್ಷಣಾ ಬೋಟಿನಿಂದ ಇಳಿದು ಎಮ್ಮೆ ಬಿಚ್ಚಲು ಹೋದವನು ಹೆಣವಾಗಿ ಜಾಲಿಯ ಪೊದೆಯಲ್ಲಿ ಸಿಕ್ಕಿದ್ದ. ಯಾರೋ ಅದನ್ನು ಹೇಳಿದಾಗ ನಂದಕುಮಾರ ಜಗಳ ಬಿಟ್ಟು ಹೋಗಿ ಆಕೆಯ ಪಕ್ಕ ಕೂತ.

ನೀರಿಳಿದಾಗ ಅವನ ದನಗಳು ಗುಡ್ಡದ ಕಡೆ ಮೇಯುತ್ತಿದ್ದವು. ಕಪ್ಪು ಮುಖದ ದೇವಣಿ ತಳಿಯ ಆಕಳು ಮಾತ್ರ ಇರಲಿಲ್ಲ. ಊರಿನಲ್ಲಿ ಕಟ್ಟಿದ್ದ ದನ ಒಂದೂ ಬದುಕಿರಲಿಲ್ಲ.

ಒಂದು ಮುಂಜಾನೆ ಅವನು ಆಸ್ಪತ್ರೆಗೆ ಬಂದ. "ಮೇಡಂ, ಭಾಲ್ಕಿ ಕಡೆ ಹೊಳಿದಂಡಿಗಿ ಒಂದು ಆಕಳ ಸಿಕ್ಕದಂತ. ಕಾಲಿಗಿ ಪೆಟ್ಟಾಗ್ಯದಂತ. ಬರ್ತೀರೇನ್ರಿ?"

ಪಿಕಪ್ ಗಾಡಿಯನ್ನು ಅವನೇ ಓಡಿಸಿದ; ಔಷಧಿ ಚೀಲ ತೊಡೆಯ ಮೇಲಿಟ್ಟುಕೊಂಡು ಅವಳು ಪಕ್ಕದಲ್ಲಿ ಕೂತಳು.

"ಅವತ್ತು ಹೊಡಿತೀರೇನೋ ಅಂತ ಅಂಜಿದ್ದೆ," ಎಂದಳು ಅವಳು.

"ನಿಮ್ಮ ಕೈಯಾಗ ಸಾರಿನ ಸೌಟ ಇತ್ತಲ್ರಿ. ಅಂಜಿದಂವ ನಾನು."

ಅವಳು ನಕ್ಕಳು. ಅವನು ರಸ್ತೆ ಬಿಟ್ಟು ಆ ನಗೆಯತ್ತ ನೋಡಿದ. "ಮುಂದ ನೋಡ್ರಿ," ಎಂದಳು. ಮುಂದೆ ನೋಡಿದ, ಮತ್ತೆ ತಿರುಗಿದ.

ಆಕಳು ಅವನದೇ. ಅವನ ದನಿ ಕೇಳಿದ್ದೇ ಕುಂಟುತ್ತ ಬಂತು. ಅದರ ಕೊರಳಿಗೆ ಮುಖವಿಟ್ಟು ಅವನು ಅಳತೊಡಗಿದ. ವಿಜಯಶ್ರೀ ಅತ್ತ ನೋಡದೆ ಗಾಯ ತೊಳೆದು ಪಟ್ಟಿ ಕಟ್ಟಿದಳು. ಕಟ್ಟುತ್ತಲೇ ಹೇಳಿದಳು:

"ಹಾವಗೆಪ್ಪನ ಎಮ್ಮಿನೂ ಬಿಚ್ಚೋಳಿದ್ದೆ. ಬೋಟಿನವ್ರು ಸಾಕು ಏರ್ರಿ ಅಂದ್ರು. ಏರಿಬಿಟ್ಟೆ. ಸತ್ಯಮ್ಮನ ಮಾರಿ ನೋಡ್ಲಿಕ್ಕೆ ಆಗವಲ್ದು ನನಗ."

ನಂದಕುಮಾರ ಕಣ್ಣೊರೆಸಿಕೊಂಡು ಪಕ್ಕದಲ್ಲಿ ಕೂತ.

"ಸತ್ಯಮ್ಮ ಚಿಗವ್ವ ನನಗ ದಿನಾ ಕೇಳ್ತಾಳ್ರಿ, ಡಾಕ್ಟರಮ್ಮ ಉಂಡಳೋ ಇಲ್ಲೋ ಅಂತ."

ಅವಳ ಕೈ ನಿಂತಿತು. ಪಟ್ಟಿಯ ಗಂಟನ್ನು ಅವನೇ ಬಿಗಿದ.

"ನೀವು ಏರಿರ್ಲಿಲ್ಲಂದ್ರ ನೀವೂ ಹೋಗ್ತಿದ್ರಿ. ಆಮ್ಯಾಲ ನಾ ಯಾರ ಜೋಡಿ ಜಗಳಾಡ್ಲಿ?"

"ದಿನಾ ಜಗಳ ಆಡೋರಿದ್ದೀರೇನು?"

"ನೀವು ಹ್ಞೂಂ ಅಂದ್ರ, ಸಾಯೂತನಕ."

ಅವಳು ಎದ್ದು ಆಕಳ ಹಗ್ಗ ಹಿಡಿದಳು. ಆಕಳನ್ನು ಗಾಡಿಗೆ ಹತ್ತಿಸಿದ ಮೇಲೆ, ಸೀಟಿನಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಮ್ಮ ಮನಿ ಭಾಲ್ಕಿದಾಗೇ ಅದ. ಅವ್ವ ಮನ್ಯಾಗಿರ್ತಾಳ. ನಡೀರಿ."

"ಈಗ? ಈ ಕೆಸರಾದ ಅಂಗಿ-ಅರಿವಿ ಮ್ಯಾಲ? ಆಕಳ ಕಟ್ಕೊಂಡು?"

"ಹ್ಞೂಂ. ಇದ್ದಂಗೇ ನೋಡ್ಲಿ."

ಬಾಗಿಲು ತೆರೆದ ರುಕ್ಮಿಣಿಬಾಯಿ ಮೊದಲು ಗಾಡಿಯಲ್ಲಿದ್ದ ಆಕಳನ್ನು ನೋಡಿದಳು, ಆಮೇಲೆ ಕೆಸರು ಮೆತ್ತಿದ ಗಂಡಸನ್ನು, ಕೊನೆಗೆ ಮಗಳ ಮುಖವನ್ನು. ಆ ಮುಖವನ್ನೇ ಬಹಳ ಹೊತ್ತು ನೋಡಿದಳು.

"ಮೊದಲ ಅದಕ್ಕ ನೀರು ಇಡಪ್ಪ," ಎಂದಳು ಬಕೆಟ್ ಮುಂದೆ ಸರಿಸುತ್ತ. "ಆಮ್ಯಾಲ ಕಾಲು ತೊಳ್ಕೊಂಡು ಒಳಗ ಬಾ."