ಖಾಲಿ ಜಾಗದ ತೂಕ

"ನನ್ನ ಕವಿತೆಗೆ ಇಸ್ತ್ರಿ ಹೊಡೆದೋರು ಯಾರು?"

೧೯೬೩ರ ಜುಲೈ. ಮಿಲಾನ್ ನಗರದ ಕಾಲುವೆ ಪಕ್ಕದ ಅಚ್ಚುಕೂಟಕ್ಕೆ ಇಸೋಲಿನಾ ನುಗ್ಗಿದ್ದೇ ಹೀಗೆ ಕೂಗುತ್ತ. ಕೈಯಲ್ಲಿ ಪ್ರೂಫ್ ಹಾಳೆ, ಮೂಗಿನ ತುದಿಯಲ್ಲಿ ಕೋಪ. ಯಂತ್ರಗಳ ಸದ್ದಿಗಿಂತ ಅವಳ ದನಿಯೇ ಜೋರಾಗಿತ್ತು.

ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ ಅತ್ತಿಲಿಯೊ ತಲೆಯೆತ್ತಿದ. ಮೂವತ್ತೈದರ ಆಸುಪಾಸು, ಮೊಣಕೈವರೆಗೆ ಮಡಚಿದ ತೋಳು, ಕಿವಿಯ ಹಿಂದೆ ಪೆನ್ಸಿಲ್.

"ನಾನೇ, ಸಿನ್ಯೋರಿನಾ. ಸಾಲು ಸಾಲಿಗೂ ತೂತು ಬಿದ್ದಿತ್ತು. ನಿಮ್ಮ ಟೈಪ್‌ರೈಟರ್ ಕೆಟ್ಟಿರ್ಬೇಕು ಅಂತ ಸರಿ ಮಾಡ್ದೆ."

"ಸರಿ ಮಾಡಿದ್ರಾ? ಆ ಜಾಗಗಳನ್ನ ನಾನು ಎರಡು ವರ್ಷ ಕೂತು ಬರೆದಿದೀನಿ!"

"ಖಾಲಿ ಜಾಗಾನಾ?"

"ಹೌದ್ರೀ, ಖಾಲಿ ಜಾಗಾನೇ!"

ಪಕ್ಕದಲ್ಲಿದ್ದ ಕೆಲಸಗಾರರು ಕಿಸಕ್ಕನೆ ನಕ್ಕರು. ಅತ್ತಿಲಿಯೊ ಮಾತ್ರ ನಗಲಿಲ್ಲ. ಒಂದು ಡಬ್ಬಿಗೆ ಕೈಹಾಕಿ ಬೋಳು ಸೀಸದ ತುಂಡೊಂದನ್ನು ತೆಗೆದು ಅವಳ ಅಂಗೈ ಮೇಲಿಟ್ಟ. ಅಕ್ಷರವಿಲ್ಲದ, ಅಗಲವಾದ ತುಂಡು. ಅವಳು ಎಣಿಸಿದ್ದಕ್ಕಿಂತ ಭಾರವಿತ್ತು.

"ಇದೇ ನಿಮ್ಮ ಖಾಲಿ ಜಾಗ. ಅಚ್ಚಿನಲ್ಲಿ ಏನೂ ಇಲ್ಲ ಅನ್ನೋ ಕಡೆಗೂ ಏನಾದ್ರೂ ಇಡ್ಲೇಬೇಕು. ಇಲ್ಲದಿದ್ರೆ ಸಾಲು ಉದುರಿಹೋಗುತ್ತೆ."

ಇಸೋಲಿನಾ ಆ ತುಂಡನ್ನು ಅಂಗೈಯಲ್ಲಿ ತೂಗಿ ನೋಡಿದಳು. ತನ್ನ ಮೌನಕ್ಕೂ ತೂಕವಿದೆಯೆಂದು ಇಷ್ಟು ವರ್ಷದಲ್ಲಿ ಅವಳಿಗೆ ಹೇಳಿದವನು ಇವನೊಬ್ಬನೇ.

"ಮತ್ತೆ ಜೋಡಿಸ್ತೀನಿ," ಎಂದ ಅವನು. "ಒಂದು ಕೂದಲೆಳೆಯಷ್ಟೂ ಸರಿಸೋದಿಲ್ಲ."

ಆದರೆ ಮತ್ತೆ ಜೋಡಿಸುವ ದಿನ ಅಷ್ಟು ಸುಲಭವಾಗಿ ಬರಲಿಲ್ಲ. ಪ್ರಕಾಶಕ ಗಾವಾಜ್ಜಿ ಅವಳನ್ನು ಕಚೇರಿಗೆ ಕರೆಸಿಕೊಂಡ. ಅವನಿಗಾಗಿ ಅವಳು ಏಳು ವರ್ಷದಿಂದ ಜರ್ಮನ್ ಪತ್ತೇದಾರಿ ಕಾದಂಬರಿಗಳನ್ನು ಅನುವಾದಿಸುತ್ತಿದ್ದಳು. ಹೊಟ್ಟೆಪಾಡು ಅದು. ಮೂವತ್ತೆರಡು ಪುಸ್ತಕದಲ್ಲಿ ಮೂವತ್ತೆರಡು ಕೊಲೆ ಆಗಿತ್ತು, ಒಂದು ಪುಸ್ತಕದ ಮೇಲೂ ಅವಳ ಹೆಸರಿರಲಿಲ್ಲ.

"ನೋಡಮ್ಮ, ಕವಿತೆ ಅಂದ್ರೆ ಕವಿತೆ ಥರ ಇರ್ಬೇಕು," ಎಂದ ಗಾವಾಜ್ಜಿ. "ಆ ಪ್ರೂಫ್ ಎಷ್ಟು ಚೆನ್ನಾಗಿದೆ! ಅಚ್ಚುಕೂಟದವನಿಗೇ ನಿನಗಿಂತ ಬುದ್ಧಿ ಇದೆ. ಹಾಗೇ ಅಚ್ಚು ಹಾಕ್ಸೋಣ. ಒಪ್ಪದಿದ್ರೆ ಕವಿತೆಯೂ ಇಲ್ಲ, ಕಾದಂಬರಿಯೂ ಇಲ್ಲ."

ಇಸೋಲಿನಾ ಚೀಲದಿಂದ ಅರ್ಧ ಅನುವಾದವಾದ ಕಾದಂಬರಿ ತೆಗೆದು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿದ್ದ ತನ್ನ ಕವಿತೆಗಳ ಹಸ್ತಪ್ರತಿಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.

"ಕೊಲೆಗಾರ ಯಾರು ಅಂತ ನೀವೇ ಹುಡುಕ್ಕೊಳ್ಳಿ, ಸಿನ್ಯೋರ್ ಗಾವಾಜ್ಜಿ."

ಬೀದಿಗೆ ಬಂದಾಗ ಅವಳ ತಲೆ ಬಾಗಿರಲಿಲ್ಲ. ಮನೆಗೆ ಹೋಗುವ ಟ್ರ್ಯಾಮ್ ಬಿಟ್ಟು ಅವಳು ಅಚ್ಚುಕೂಟದ ಕಡೆ ನಡೆದಳು. ಯಾಕೆಂದು ತನ್ನನ್ನು ತಾನೇ ಕೇಳಿಕೊಳ್ಳುವ ಧೈರ್ಯ ಮಾತ್ರ ಆಗಲಿಲ್ಲ.

ಅತ್ತಿಲಿಯೊ ಎಲ್ಲವನ್ನೂ ಕೇಳಿಸಿಕೊಂಡ. ಕೈ ಒರೆಸಿಕೊಂಡು, "ಆಗಸ್ಟಿನಲ್ಲಿ ಬನ್ನಿ," ಎಂದ.

"ಆಗಸ್ಟಿನಲ್ಲಿ ರಜೆ ಅಂತ ಊರೇ ಸಮುದ್ರಕ್ಕೆ ಹೋಗಿರುತ್ತಲ್ಲ."

"ಅದಕ್ಕೇ. ಹದಿನೈದು ದಿನ ಅಚ್ಚುಕೂಟಕ್ಕೆ ಬೀಗ. ಬೀಗದ ಕೈ ನನ್ನ ಹತ್ರ."

ಮಿಲಾನ್ ಖಾಲಿಯಾಯಿತು. ಅಂಗಡಿಗಳ ಕದ ಮುಚ್ಚಿದವು, ಬೀದಿಯಲ್ಲಿ ಉಳಿದದ್ದು ಬೆಕ್ಕುಗಳು ಮತ್ತು ಬಿಸಿಲು. ದಿನಾ ಬೆಳಿಗ್ಗೆ ಎಂಟಕ್ಕೆ ಇಸೋಲಿನಾ ಬ್ರೆಡ್ಡು, ಚೀಸ್, ಕಲ್ಲಂಗಡಿ ಹೋಳು ಕಟ್ಟಿಕೊಂಡು ಬರುತ್ತಿದ್ದಳು. ಅವನು ಜೋಡಿಸುತ್ತಿದ್ದ, ಅವಳು ಅಳತೆ ನೋಡುತ್ತಿದ್ದಳು.

"ಇನ್ನೂ ಅಗಲ ಬೇಕು."

"ಅಯ್ಯೋ, ಇಲ್ಲಿ ಒಂದು ಎತ್ತಿನ ಗಾಡಿ ಹಾದುಹೋಗುತ್ತೆ!"

"ಹೋಗ್ಲಿ ಬಿಡಿ, ಅದಕ್ಕೂ ದಾರಿ ಬೇಕಲ್ಲ."

ಅವನ ನಗು ತಡವಾಗಿ ಬರುತ್ತಿತ್ತು. ಮೊದಲು ಕಣ್ಣಿನ ಮೂಲೆಗೆ, ಆಮೇಲೆ ತುಟಿಗೆ. ಅದು ತುಟಿ ತಲುಪುವುದನ್ನು ಕಾಯುವುದೇ ಅವಳಿಗೆ ಒಂದು ಕೆಲಸವಾಯಿತು. ಅವನು ತಲೆಯೆತ್ತಿದರೆ ಇವಳು ಥಟ್ಟನೆ ಹಾಳೆ ನೋಡುತ್ತಿದ್ದಳು.

ಕಾಗದಕ್ಕೆ ಅವನು ಬೀರುವಿನಿಂದ ದಪ್ಪ ಕೆನೆಬಣ್ಣದ ಕಟ್ಟು ತೆಗೆದ.

"ಮದುವೆ ಕರೆಯೋಲೆಗೆ ತರಿಸಿದ್ದು. ಪಾವಿಯಾದ ಹುಡುಗಿ, ಅಚ್ಚು ಹಾಕೋಕೆ ಮುಂಚೆನೇ ಮದುವೆ ಒಲ್ಲೆ ಅಂದು ಸ್ವಿಟ್ಜರ್ಲೆಂಡಿಗೆ ಓಡಿಹೋದ್ಲು."

"ಗಟ್ಟಿ ಹುಡುಗಿ! ಅವಳ ಕಾಗದ ನನ್ನ ಪುಸ್ತಕಕ್ಕೆ ಸರಿಯಾಗಿದೆ."

ಹನ್ನೊಂದನೆಯ ದಿನ ಬೋಳು ಸೀಸ ಮುಗಿದೇಹೋಯಿತು. ಅಷ್ಟು ದೊಡ್ಡ ಅಚ್ಚುಕೂಟದ ಖಾಲಿ ಜಾಗವನ್ನೆಲ್ಲ ಇವಳ ಕವಿತೆಗಳೇ ನುಂಗಿದ್ದವು. ಅತ್ತಿಲಿಯೊ ತಲೆ ಕೆರೆದುಕೊಂಡ. ಆಮೇಲೆ ಬೋಳು ಸೀಸಕ್ಕಾಗಿ ಗಾವಾಜ್ಜಿಯ ಹೊಸ ಪುಸ್ತಕಪಟ್ಟಿಗೆಂದು ಕಟ್ಟಿಟ್ಟಿದ್ದ ಅಚ್ಚನ್ನು ಎಳೆದು ಬಿಚ್ಚತೊಡಗಿದ.

"ಏನ್ಮಾಡ್ತಿದೀರಿ? ನಿಮ್ಮ ಕೆಲಸ ಹೋಗುತ್ತೆ!"

"ನಿಮ್ಮದು ಹೋಗ್ಲಿಲ್ವಾ?"

"ನಂದು ನನ್ನ ಹಟ. ನಿಮಗೇನು ಗ್ರಹಚಾರ?"

ಅವನು ಅಚ್ಚು ಬಿಚ್ಚುತ್ತಲೇ ಇದ್ದ. ಅವನ ಕಿವಿಗಳು ಮಾತ್ರ ಕೆಂಪಾದವು.

ಹದಿನಾಲ್ಕನೆಯ ದಿನ ಕೊನೆಯ ಪುಟ ಉಳಿದಿತ್ತು. ಅಚ್ಚುಕೂಟದ ಹೆಸರು, ತಿಂಗಳು, ಇಸವಿ ಹಾಕುವ ಪುಟ. ಅವನು ಅದನ್ನು ತಾನೇ ಜೋಡಿಸಿ, ಒಂದು ಪ್ರೂಫ್ ತೆಗೆದು, ಅವಳ ಕೈಗೆ ಕೊಟ್ಟು ಕಿಟಕಿಯತ್ತ ತಿರುಗಿ ನಿಂತ.

ಅಚ್ಚುಕೂಟದ ಹೆಸರೇ ಇರಲಿಲ್ಲ. 'ಈ ಪುಸ್ತಕದ ಮೊಳೆ ಜೋಡಿಸಿದವನು ಅತ್ತಿಲಿಯೊ ರೊವೇದಾ' ಎಂದಿತ್ತು. ಅದರ ಮುಂದೆ ಬರೀ ಬಿಳಿ.

"ಹೆಸರು ಹಾಕಿದ್ರೆ ಸಿಕ್ಕಿಬೀಳ್ತೀರಿ. ಮಾಲೀಕರು ಹೊರಗೆ ಹಾಕ್ತಾರೆ."

"ಹಾಕ್ಲಿ. ಇಪ್ಪತ್ತು ವರ್ಷ ಬೇರೆಯವರ ಮಾತು ಜೋಡಿಸಿದೀನಿ. ಒಂದು ಸಲ ನನ್ನದೂ ಇರ್ಲಿ. ಕೈಕೆಲಸ ಗೊತ್ತಿರೋನಿಗೆ ಇನ್ನೊಂದು ಅಚ್ಚುಕೂಟ ಸಿಗುತ್ತೆ."

"ಸರಿ. ಈ ಖಾಲಿ ಜಾಗ ಯಾಕೆ?"

"ನಿಮ್ಮಿಂದ ಕಲಿತಿದ್ದು." ಅವನು ಕಿಟಕಿ ಕಡೆಯೇ ನೋಡುತ್ತಿದ್ದ. "ಹೇಳೋಕೆ ಧೈರ್ಯ ಇಲ್ಲದ್ದನ್ನ ಖಾಲಿ ಬಿಡೋದು."

ಇಸೋಲಿನಾಗೆ ಮೈಯೆಲ್ಲ ಉರಿದುಹೋಯಿತು. ಕೋಪವೋ ಪ್ರೀತಿಯೋ, ಎರಡೂ ಒಟ್ಟಿಗೇ ಬಂದವು.

"ತಪ್ಪು ಕಲಿತಿದೀರಿ! ನನ್ನ ಖಾಲಿ ಜಾಗ ಹೆದರಿಕೆಯದ್ದಲ್ಲ. ಯಾರು ಎಷ್ಟು ಬಲವಂತ ಮಾಡಿದ್ರೂ ಹೇಳೋದಿಲ್ಲ ಅಂತ ಬಿಟ್ಟಿರೋದು. ಹೆದರ್ಕೊಂಡು ಬಿಟ್ಟ ಜಾಗ ನನ್ನ ಪುಸ್ತಕದಲ್ಲಿ ಒಂದೂ ಇರಬಾರದು. ಈ ಕಡೆ ತಿರುಗಿ. ಹೇಳಿ."

ಅತ್ತಿಲಿಯೊ ತಿರುಗಿದ. ಕೆನ್ನೆಯ ಮೇಲೆ ಮಸಿ, ಹಣೆಯ ಮೇಲೆ ಬೆವರು.

"ನಿಮ್ಮನ್ನ ಪ್ರೀತಿಸ್ತೀನಿ. ಇಸ್ತ್ರಿ ಹೊಡೆದೋರು ಯಾರು ಅಂತ ನುಗ್ಗಿಬಂದ ದಿನದಿಂದ."

"ಇನ್ನೂ 'ನಿಮ್ಮನ್ನ' ಏನು?"

"ನಿನ್ನನ್ನ," ಎಂದ ಅವನು. ಈ ಸಲ ನಗು ತಡಮಾಡಲಿಲ್ಲ.

ಅವಳು ಜೋಡಿಸಿಟ್ಟ ಮೊಳೆಗಳ ಚೌಕಟ್ಟಿನ ಹತ್ತಿರ ಹೋಗಿ, ಅವನ ಹೆಸರಿನ ಮುಂದಿದ್ದ ಅಗಲದ ಸೀಸವನ್ನು ಕಿತ್ತು ಜೇಬಿಗೆ ಹಾಕಿಕೊಂಡಳು.

"ಅಯ್ಯೋ, ಸಾಲು ಸಡಿಲಾಗುತ್ತೆ! ಏನಾದ್ರೂ ಇಡು ಅಲ್ಲಿ."

ಅವಳು ಒಂದೊಂದೇ ಅಕ್ಷರ ಹುಡುಕಿದಳು. ಯಾವ ಗೂಡಿನಲ್ಲಿ ಯಾವುದಿದೆಯೆಂದು ಅವನು ಬೆರಳು ತೋರಿಸಿದ, ಮುಟ್ಟಲಿಲ್ಲ. ಮೂವತ್ತೆರಡು ಪುಸ್ತಕಗಳಲ್ಲಿ ಯಾರೂ ಅಚ್ಚು ಹಾಕದ ತನ್ನ ಹೆಸರನ್ನು ಇಸೋಲಿನಾ ತನ್ನ ಕೈಯಾರೆ ಅವನ ಹೆಸರಿನ ಪಕ್ಕದಲ್ಲಿ ನಿಲ್ಲಿಸಿದಳು. ಎರಡು ಅಕ್ಷರ ಮೇಲೆ, ಒಂದು ಕೆಳಗೆ, ನಡುವಿನದು ಓರೆ.

ಅತ್ತಿಲಿಯೊನ ಬೆರಳು ತಾನಾಗಿಯೇ ಮುಂದೆ ಬಂತು. ಅವಳು ಆ ಕೈಯನ್ನು ಹಿಡಿದು ನಿಲ್ಲಿಸಿದಳು, ಹಿಡಿದದ್ದನ್ನು ಬಿಡಲಿಲ್ಲ.

"ಸೊಟ್ಟಗಿದೆ, ಇಸೋಲಿನಾ."

"ಇರ್ಲಿ. ಅಚ್ಚು ಹಾಕು."