ಜಾಮೀನಿಗೆ ನಿಂತವನು

ಬೇಕರಿಯ ತಿರುವಿನಲ್ಲಿ ಫ್ರಾನೆಯ ನೀಲಿ ಟೋಪಿ ಕಂಡದ್ದೇ ತಡ, ವಿನ್ಕಾ ಬ್ರೆಡ್ಡನ್ನು ಎದೆಗವಚಿಕೊಂಡು ಪಕ್ಕದ ಓಣಿಗೆ ನುಗ್ಗಿದಳು. ಸಾರ್ಡಿನ್ ಮೀನಿನ ಡಬ್ಬಿ ತಯಾರಿಸುವ ಫ್ಯಾಕ್ಟರಿ ದಿವಾಳಿಯೆದ್ದು ಬೀಗ ಬಿದ್ದಂದಿನಿಂದ ಅವಳಿಗೆ ಇದೇ ಕೆಲಸ. ಅಂಗೈಯಗಲದ ದ್ವೀಪ. ಒಂದೇ ದಂಡೆ, ಒಂದೇ ಬೇಕರಿ. ಅಲ್ಲಿ ಒಬ್ಬ ಮನುಷ್ಯನ ಕಣ್ಣು ತಪ್ಪಿಸಿ ಬದುಕುವುದೆಂದರೆ ಸಾಮಾನ್ಯದ ಮಾತಲ್ಲ.

ಓಣಿ ದಾಟಿದರೆ ಬಣ್ಣ ಬಳಿಯಲೆಂದು ದಡಕ್ಕೆಳೆದಿದ್ದ ದೊಡ್ಡ ದೋಣಿ. ಅದರ ಹಿಂದೆ ಅಡಗೋಣವೆಂದು ಬಗ್ಗಿದಳು. ಆ ಕಡೆಯಿಂದ ಇನ್ಯಾರೋ ಬಗ್ಗಿಕೊಂಡೇ ಬಂದರು. ತಲೆಗೆ ತಲೆ ಡಿಕ್ಕಿ ಹೊಡೆಯಿತು. ನೀಲಿ ಟೋಪಿ ಮರಳಿನ ಮೇಲೆ ಬಿತ್ತು.

"ನೀನು ಇಲ್ಲೇನ್ ಮಾಡ್ತಿದ್ದೀಯ?" ವಿನ್ಕಾ ಹಣೆ ಉಜ್ಜಿಕೊಂಡಳು.

"ನೀನು ಬರೋದು ಕಂಡೆ," ಎಂದ ಫ್ರಾನೆ, ಕದ್ದು ಸಿಕ್ಕಿಬಿದ್ದವನ ಮುಖ ಮಾಡಿ. "ಅದಕ್ಕೇ ಬಚ್ಚಿಟ್ಕೊಳ್ಳೋಣ ಅಂತ..."

"ನೀನ್ಯಾಕೆ ಬಚ್ಚಿಟ್ಕೋಬೇಕು? ಬಚ್ಚಿಟ್ಕೋಬೇಕಾದೋಳು ನಾನು!"

ಫ್ಯಾಕ್ಟರಿಯಲ್ಲಿ ಒಂದು ಪದ್ಧತಿಯಿತ್ತು. ಬ್ಯಾಂಕಿನ ಸಾಲ ಬೇಕಾದವರು ಊಟದ ಬಿಡುವಿನಲ್ಲಿ ಪಕ್ಕದವರ ಮುಂದೆ ಕಾಗದ ಹಿಡಿಯುತ್ತಿದ್ದರು. ಪಕ್ಕದವರು ಎಣ್ಣೆಗೈ ಒರೆಸಿಕೊಂಡು ಜಾಮೀನಿಗೆ ಸಹಿ ಹಾಕುತ್ತಿದ್ದರು. ಇವತ್ತು ನಿನಗೆ ನಾನು, ನಾಳೆ ನನಗೆ ನೀನು. ಎಲ್ಲರನ್ನೂ ಹೊತ್ತ ಫ್ಯಾಕ್ಟರಿಯೇ ಮುಳುಗಬಹುದೆಂದು ಯಾರಿಗೆ ಹೊಳೆದಿತ್ತು? ಆರು ವರ್ಷದ ಹಿಂದೆ ಚಳಿಗಾಲದ ಬುರಾ ಗಾಳಿ ವಿನ್ಕಾಳ ಮನೆಯ ಹೆಂಚನ್ನೆಲ್ಲ ಕಡಲಿಗೆ ಹಾರಿಸಿದಾಗ ಅವಳ ಸಾಲಕ್ಕೆ ಫ್ರಾನೆ ನಿಂತಿದ್ದ. ಆಮೇಲೆ ಅವನ ದೋಣಿಯ ಎಂಜಿನ್ ಸಾಲಕ್ಕೆ ಅವಳು ನಿಂತಳು. ಈಗ ಇಬ್ಬರ ಕಂತೂ ತಪ್ಪಿತ್ತು. ಅವಳು ಕಟ್ಟದಿದ್ದರೆ ಬ್ಯಾಂಕಿನವರು ಅವನ ಕುತ್ತಿಗೆ ಹಿಡಿಯುತ್ತಾರೆ, ಅವನು ಕಟ್ಟದಿದ್ದರೆ ಅವಳದ್ದು. ಬಾಕಿ ಸಂಬಳಕ್ಕೆ ಕೋರ್ಟಿನವರು ಕಾಯಿರಿ ಎಂದಿದ್ದರು. ಊರಿಗೆ ಊರೇ ಕಾಯುತ್ತಿತ್ತು.

"ಅಂದ್ರೆ ಇಷ್ಟು ದಿನ ನಾನು ನಿನ್ನ ಕಂಡು ಓಡ್ತಿದ್ದೆ, ನೀನು ನನ್ನ ಕಂಡು ಓಡ್ತಿದ್ದೆ?" ಎಂದಳು ವಿನ್ಕಾ.

"ಮೊನ್ನೆ ಚರ್ಚಲ್ಲಿ ನೀನು ಕಂಬದ ಹಿಂದೆ ನಿಂತಿದ್ದೆಯಲ್ಲ..."

"ಅಯ್ಯೋ, ನೋಡಿಬಿಟ್ಯಾ?"

"ಹೆಂಗೆ ಕಾಣದೇ ಇರುತ್ತೆ? ಎದುರಿನ ಕಂಬದ ಹಿಂದೆ ನಾನಿದ್ದೆ."

ವಿನ್ಕಾ ನಕ್ಕಳು. ಎಷ್ಟೋ ತಿಂಗಳ ಮೇಲೆ ಬಂದ ನಗು, ನಿಲ್ಲಿಸಲು ಹೋದಷ್ಟೂ ಉಕ್ಕುತ್ತಿತ್ತು. ಫ್ರಾನೆ ನಗಲಿಲ್ಲ, ಅವಳು ನಗುವುದನ್ನು ನೋಡುತ್ತಿದ್ದ. ಅವಳು ಕಣ್ಣೆತ್ತಿದಾಗ ಅವನ ನೋಟ ಗಡಿಬಿಡಿಯಲ್ಲಿ ಬ್ರೆಡ್ಡಿನ ಮೇಲೆ ಹೋಗಿ ಕೂತಿತು. ಆ ಬ್ರೆಡ್ಡನ್ನು ಮುರಿದು ಇಬ್ಬರೂ ದೋಣಿಗೊರಗಿ ತಿಂದರು.

ಮರುವಾರವೇ ಅವನು ಎಂಜಿನ್ ಮಾರಿ ತನ್ನ ಸಾಲ ತೀರಿಸಿದ. ಅವನಿಗೆ ದೋಣಿ ರಿಪೇರಿಯ ಕೆಲಸವೊಂದು ಸಿಕ್ಕಿತ್ತು. ವಿನ್ಕಾಳಿಗೆ ಎದುರಿನ ದ್ವೀಪದಲ್ಲಿ ಆಲಿವ್ ಕೊಯ್ಲು. ಬೆಳಿಗ್ಗೆ ಬಿಡುವುದು, ಸಂಜೆ ಕರೆತರುವುದು ತನ್ನ ಪಾಲಿಗಿರಲಿ ಎಂದ ಫ್ರಾನೆ. ಎಂಜಿನ್ ಹೋಗಿತ್ತು, ಹುಟ್ಟು ಇತ್ತಲ್ಲ.

ಅಕ್ಟೋಬರಿನ ಕಡಲು ಉಸಿರು ಬಿಗಿಹಿಡಿದು ಮಲಗಿರುತ್ತಿತ್ತು. ಸಂಜೆಯ ಬೆಳಕು ನೀರಿನಿಂದೆದ್ದು ಫ್ರಾನೆಯ ಗದ್ದದ ಕೆಳಗೆ ಆಡುತ್ತಿತ್ತು. ಹುಟ್ಟು ಏಳುತ್ತಿತ್ತು, ಹನಿಗಳು ಉದುರುತ್ತಿದ್ದವು, ಹುಟ್ಟು ಮುಳುಗುತ್ತಿತ್ತು. ಮಡಿಲ ತುಂಬ ಆಲಿವ್ ಎಲೆಯ ಕಹಿ ವಾಸನೆ ತುಂಬಿಕೊಂಡು ವಿನ್ಕಾ ಎದುರಿಗೆ ಕೂತಿರುತ್ತಿದ್ದಳು. ಆ ಹೊತ್ತಿನಲ್ಲಿ ಸಾಲ, ಬ್ಯಾಂಕು, ಫ್ಯಾಕ್ಟರಿ ಎಲ್ಲ ಬೇರೆ ಯಾರದೋ ಕಥೆಯೆನಿಸುತ್ತಿತ್ತು. ದಡ ಬಾರದಿರಲಿ ಎಂದು ಮನಸ್ಸು ನಾಚಿಕೆಯಿಲ್ಲದೆ ಹರಸಿಕೊಳ್ಳುತ್ತಿತ್ತು.

"ಎಂಜಿನ್ ಇದ್ದಿದ್ರೆ ಇಷ್ಟೊತ್ತಿಗೆ ಮನೇಲಿರ್ತಿದ್ವಿ," ಎಂದಳು ಒಂದು ಸಂಜೆ.

"ಹೂಂ. ಮಾರಿದ್ದಕ್ಕೆ ಅದೂ ಒಂದು ಕಾರಣ."

ಅವಳು ಕೇಳಿಸದವಳಂತೆ ನೀರಿಗೆ ಕೈಯಿಳಿಬಿಟ್ಟಳು. ಕಿವಿ ಮಾತ್ರ ಕೆಂಪಾಯಿತು.

ಅಷ್ಟೇ. ಅದರಾಚೆ ಒಂದು ಮಾತೂ ಇಲ್ಲ. ಮೊದಲಿಂದಲೂ ಅವನು ಹಾಗೆಯೇ. ಫ್ಯಾಕ್ಟರಿಯಲ್ಲೂ ಅವಳ ಮಷಿನ್ ಪಕ್ಕ ಬಿಸಿ ಕಾಫಿ ತಂದಿಡುತ್ತಿದ್ದ, ನೆಲದ ಮೇಲೆ ಯಾರೋ ಗೆರೆ ಎಳೆದಂತೆ ಹಿಂದೆ ಸರಿದು ನಿಲ್ಲುತ್ತಿದ್ದ. ಇವನಿಗೆ ನನ್ನ ಮೇಲೆ ಕನಿಕರವೋ, ಮನಸ್ಸೋ? ವಿನ್ಕಾ ದಿಂಬಿಗೆ ಮುಖವೊತ್ತಿ ಯೋಚಿಸುತ್ತಿದ್ದಳು. ಕನಿಕರವಾದರೆ ಬೇಡವೇ ಬೇಡ.

ನವೆಂಬರಿನಲ್ಲಿ ಬ್ಯಾಂಕಿನ ಕರೆ ಬಂತು. ಇಬ್ಬರೂ ಫೆರ್ರಿ ಹತ್ತಿ ಪಟ್ಟಣಕ್ಕೆ ಹೋದರು. ಕೌಂಟರಿನ ಸಾನ್ಯಾ ಒಳ್ಳೆಯ ಹೆಂಗಸು, ಅವಳ ಅಣ್ಣನೂ ಅದೇ ಫ್ಯಾಕ್ಟರಿಯಲ್ಲಿ ದುಡಿದವನು.

"ನೋಡಿ, ಸಾಲಾನ ಏಳು ವರ್ಷಕ್ಕೆ ಎಳೀತೀವಿ, ಕಂತು ಅರ್ಧಕ್ಕಿಳಿಯುತ್ತೆ. ಜಾಮೀನುದಾರರು ಹೊಸದಾಗಿ ಸಹಿ ಹಾಕ್ಬೇಕು. ಶುಕ್ರವಾರದೊಳಗೆ ಆಗ್ಲಿಲ್ಲಾಂದ್ರೆ ಮನೆ ಹರಾಜಿಗೆ ಹೋಗುತ್ತೆ ವಿನ್ಕಾ, ಆಮೇಲೆ ನನ್ನ ಕೈಲಿರೋದಿಲ್ಲ."

ವಿನ್ಕಾ ಉಸಿರು ಬಿಟ್ಟಳು. ಅರ್ಧ ಕಂತಾದರೆ ಹೇಗೋ ಕಟ್ಟಬಹುದು, ಮನೆ ಉಳಿಯುತ್ತದೆ. ತಾನು ಸಹಿ ಹಾಕಿ ಪೆನ್ನನ್ನು ಫ್ರಾನೆಗೆ ಕೊಟ್ಟಳು. ಅವನು ಕಾಗದ ಓದಿದ. ಮತ್ತೊಮ್ಮೆ ಓದಿದ. ಪೆನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ನಾನು ಹಾಕಲ್ಲ."

ವಿನ್ಕಾಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಮುಖದ ರಕ್ತವೆಲ್ಲ ಇಳಿದುಹೋಯಿತು. ಜಗಳ ಮಾಡಲಿಲ್ಲ. ಕೋಟು ಎತ್ತಿಕೊಂಡು ಹೊರಗೆ ನಡೆದಳು.

ಫೆರ್ರಿ ಹೊರಡುವ ಹೊತ್ತಿಗೆ ಫ್ರಾನೆ ಏದುಸಿರು ಬಿಡುತ್ತ ಓಡಿಬಂದ. ಡೆಕ್ಕಿನ ಮೇಲೆ ಅವಳಿದ್ದ ಬೆಂಚಿನ ತುದಿಗೆ ಕೂತ. ಅವಳು ಮುಖ ತಿರುಗಿಸಿದಳು.

"ಹೆದರಿಕೆ ಇದ್ರೆ ಮೊದಲೇ ಹೇಳ್ಬೇಕಿತ್ತು," ಎಂದಳು, ಅಳು ನುಂಗಿಕೊಂಡು. "ಕೆಲಸ ಇಲ್ಲದೋಳಿಗೆ ಏಳು ವರ್ಷ ಯಾರು ನಿಲ್ತಾರೆ? ನಾನೇನು ತಪ್ಪು ತಿಳ್ಕೋತಿರ್ಲಿಲ್ಲ. ಆದ್ರೆ ದಿನಾ ದೋಣೀಲಿ ಕೂರಿಸ್ಕೊಂಡು ಆಸೆ ಹುಟ್ಟಿಸಿದ್ಯಲ್ಲ, ಅದು ತಪ್ಪು."

"ಆ ಕಾಗದ ಓದಿದ್ಯಾ?"

"ಯಾರು ಓದ್ತಾರೆ ಅದನ್ನ!"

"ನಾನು ಓದ್ತೀನಿ. ಆರು ವರ್ಷದ ಹಿಂದೇನೂ ಓದಿದ್ದೆ." ಫ್ರಾನೆ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ಕೂತ. "ಜಾಮೀನುದಾರ ಸಾಲಗಾರರ ಮನೆಯವನಾಗಿರಬಾರದು. ಸಾಲ ತೀರೋವರೆಗೂ ಆಗಬಾರದು. ಹಾಗೇನಾದ್ರೂ ಆದ್ರೆ ಬಾಕಿಯೆಲ್ಲ ಒಂದೇ ಸಲಕ್ಕೆ ಕಟ್ಬೇಕು."

"ಸರಿ, ಅದಕ್ಕೇನೀಗ?"

ಅವನು ಟೋಪಿಯ ಅಂಚು ಮಡಿಸಿದ, ಬಿಡಿಸಿದ. ಕಡಲಕ್ಕಿಗಳು ಅವರ ಜೊತೆಜೊತೆಗೇ ತೇಲುತ್ತಿದ್ದವು. ವಿನ್ಕಾ ನಿಧಾನವಾಗಿ ಅವನ ಕಡೆ ತಿರುಗಿದಳು.

"ಫ್ರಾನೆ, ಕಾಫಿ ಇಟ್ಟು ಹಿಂದೆ ಸರೀತಿದ್ಯಲ್ಲ..."

"ಹೂಂ."

"ಇದಕ್ಕಾ? ಆರು ವರ್ಷ ಬ್ಯಾಂಕಿಗೆ ಹೆದರಿ ಬಾಯಿ ಮುಚ್ಕೊಂಡಿದ್ಯಾ?"

"ಬ್ಯಾಂಕಿಗಲ್ಲ. ನಾನು ಬಾಯಿ ಬಿಟ್ಟು, ನೀನು ಹೂಂ ಅಂದುಬಿಟ್ರೆ? ನಿನ್ನ ಸೂರು ಹೋಗ್ತಿತ್ತು." ಅವನ ದನಿ ಒಡೆಯಿತು. "ಇನ್ನೇನು ಮುಗೀತು, ಸ್ವಲ್ಪ ದಿನ ಅಂತ ಎಣಿಸ್ತಿದ್ದೆ. ಅಷ್ಟರಲ್ಲಿ ಫ್ಯಾಕ್ಟರಿ ಹೋಯ್ತು. ಇವತ್ತು ಮತ್ತೆ ಏಳು ವರ್ಷ ಅಂದ್ರು. ನಂಗಾಗಲ್ಲ ವಿನ್ಕಾ. ಸಾಲ ಹೊರ್ತೀನಿ, ಎಷ್ಟು ಬೇಕಾದ್ರೂ. ನಿನ್ನಿಂದ ದೂರ ಇರ್ತೀನಿ ಅಂತ ಇನ್ನೊಂದ್ ಸಲ ಸಹಿ ಹಾಕೋಕಾಗಲ್ಲ."

ವಿನ್ಕಾ ಅವನ ಭುಜಕ್ಕೊಂದು ಗುದ್ದಿದಳು. ಇನ್ನೊಂದು ಗುದ್ದಿದಳು. ಮೂರನೆಯದಕ್ಕೆ ಎತ್ತಿದ ಕೈ ಅಲ್ಲೇ ಅವನ ಕಾಲರ್ ಹಿಡಿದು ನಿಂತಿತು. ಕೆನ್ನೆ ಒದ್ದೆಯಾಗಿತ್ತು, ತುಟಿ ನಗುತ್ತಿತ್ತು. ಎಷ್ಟು ವರ್ಷ ಹಾಳುಮಾಡಿದ ಈ ಪೆದ್ದ! ಅವನ ಮೇಲಿನ ಪ್ರೀತಿಗೆ ಎದೆಯಲ್ಲಿ ಜಾಗ ಸಾಲದಾಗಿತ್ತು.

"ಶುಕ್ರವಾರಕ್ಕೆ ಮನೆ ಹೋಗುತ್ತಲ್ಲೋ," ಎಂದಳು.

"ಸಾನ್ಯಾನ ಕೇಳ್ಕೊಂಡು ಬಂದೆ, ಅದಕ್ಕೇ ತಡ ಆಗಿದ್ದು. ಒಂದೇ ಮನೆಯವರಾದ್ರೆ ಜಾಮೀನು ಬೇಡ್ವಂತೆ, ಹಳೇ ಕಾಗದ ರದ್ದು ಮಾಡಿ ಸಾಲ ಇಬ್ಬರ ಹೆಸರಿಗೂ ಮಾಡ್ತಾರಂತೆ. ಅದೇ ಅರ್ಧ ಕಂತು. ಇವತ್ತಿಗೆ ನನ್ನ ಸಂಬಳದ ಚೀಟಿ ಸಾಕಂತೆ, ಮದುವೆ ಕಾಗದ ಆಮೇಲೆ ಕೊಟ್ರಾಯ್ತಂತೆ."

"ನನ್ನ ಸಾಲ ನಿನ್ನ ತಲೆಗೆ ಕಟ್ಟಲಾ? ಏಳು ವರ್ಷ?"

"ಆ ಸೂರಿನ ಕೆಳಗೆ ಮಲಗೋನು ಅದರ ಕಂತು ಕಟ್ಟೋದು ಬೇಡ್ವಾ?"

ಅವಳು ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು. ಈ ಸಲ ಅವನ ಕಣ್ಣು ಎಲ್ಲಿಗೂ ಓಡಲಿಲ್ಲ.

ಫೆರ್ರಿ ದ್ವೀಪ ಮುಟ್ಟಿತು. ಚೀಲ, ಬುಟ್ಟಿ, ಸೈಕಲ್ಲು, ನೆರೆಹೊರೆಯವರು ಎಲ್ಲ ಒಬ್ಬೊಬ್ಬರಾಗಿ ಇಳಿದರು. ಬೆಂಚಿನ ಮೇಲೆ ಇಬ್ಬರೇ ಉಳಿದರು. ಟಿಕೆಟ್ ಕೊಡುವ ಮುದುಕ ಹತ್ತಿರ ಬಂದ.

"ಇಳಿಯಲ್ವೇನ್ರಪ್ಪಾ? ಊರು ಬಂತು."

"ಇಲ್ಲ ತಾತ, ಇದರಲ್ಲೇ ವಾಪಸ್ ಹೋಗ್ತೀವಿ," ಎಂದಳು ವಿನ್ಕಾ. "ಬ್ಯಾಂಕ್ ಮುಚ್ಚೋದ್ರೊಳಗೆ ಸೇರ್ಕೋಬೇಕು. ಎರಡು ಕೊಡಿ."

ಮುದುಕ ಅವಳನ್ನು ನೋಡಿದ, ಅವನನ್ನು ನೋಡಿದ. ಮೆಟ್ಟಿಲಲ್ಲಿ ಇಳಿಯುತ್ತಿದ್ದವರೂ ಕತ್ತು ತಿರುಗಿಸಿದರು. "ದುಡ್ಡು ಯಾರ ಹತ್ರ ಇಸ್ಕೊಳ್ಳಲಿ?"

"ಯಾರು ಕೊಟ್ರೇನು?" ಎಂದಳು ವಿನ್ಕಾ, ಇಡೀ ದಂಡೆಗೆ ಕೇಳುವಂತೆ. "ನಾವು ಒಂದೇ ಮನೆಯವ್ರು."