ಅವನ ಸಹಿ ಇಲ್ಲದ ನಕ್ಷೆ

ಮಗಳ ಬಲಗಡೆಯ ಜಡೆ ಮುಗಿದಿತ್ತು. ಎಡಗಡೆಯ ಕೂದಲನ್ನು ಮೂರು ಪಾಲು ಮಾಡಿ ಹಿಡಿದಿದ್ದಳು, ಅಷ್ಟರಲ್ಲಿ ಕರೆಗಂಟೆ ಹೊಡೆಯಿತು.

"ಅಲ್ಲಾಡಬೇಡ ಬೋಲ್ಟು, ಶಾಲೆ ವ್ಯಾನಿಗೆ ಇನ್ನು ಇಪ್ಪತ್ತೇ ನಿಮಿಷ!"

"ನಾನೆಲ್ಲಿ ಅಲ್ಲಾಡ್ತಿದ್ದೀನಮ್ಮ? ನೀನೇ ಎಳೀತಿದ್ದೀಯ."

ಮತ್ತೆ ಗಂಟೆ. ಹಾಲಿನವಳಿರಬೇಕು ಎಂದುಕೊಂಡು, ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಬಾಗಿಲು ತೆಗೆದಳು.

ಎದುರಿಗೆ ಅವನು!

ಬಾಚಣಿಗೆ ಕೆಳಗೆ ಬಿತ್ತು.

ಹದಿನಾಲ್ಕು ತಿಂಗಳಿಂದ ಈ ಮೂರು ಮಹಡಿಯ ಮೆಟ್ಟಿಲು ಹತ್ತದ ಗಂಡ. ಪ್ರತಿ ಭಾನುವಾರ ಬೀದಿಯ ತಿರುವಿನಲ್ಲೇ ನಿಂತು ಮಗಳನ್ನು ಕರೆದುಕೊಂಡು ಹೋಗಿ, ಸಂಜೆ ಅಲ್ಲಿಗೇ ತಂದು ಬಿಡುತ್ತಿದ್ದ. ಇವತ್ತು ಭಾನುವಾರವೂ ಅಲ್ಲ...

"ಒಳಗೆ ಬರಬಹುದಾ?"

ತನ್ನದೇ ಮನೆಗೆ ಅಪ್ಪಣೆ ಕೇಳುತ್ತಿದ್ದಾನಲ್ಲ!

"ಬನ್ನಿ."

ಕುರ್ಚಿಯ ತುದಿಯಲ್ಲಿ ನೆಂಟನ ಹಾಗೆ ಕೂತ. ಉಗುರಿನ ಸಂದಿಯಲ್ಲಿ ಅದೇ ಗ್ರೀಸು. ತೆಳ್ಳಗಾಗಿದ್ದಾನೆ ಅನ್ನಿಸಿತು ಅವಳಿಗೆ. ಕೇಳುವ ಹಕ್ಕು ತನಗಿದೆಯೇ?

"ಏನೇ ಬೋಲ್ಟು, ಒಂದೇ ಜಡೆ... ಹೊಸ ಫ್ಯಾಷನ್ನಾ?"

ಏಳು ವರ್ಷದ ಮಗಳು ಇಲ್ಲವೆಂದು ತಲೆಯಾಡಿಸಿ ನೆಲ ನೋಡಿದಳು. ಅಷ್ಟೇ. ಇಡೀ ದಿನ ಪಟಪಟ ಅನ್ನುವ ಹುಡುಗಿ, ಅಪ್ಪನ ಮುಂದೆ ಮಾತ್ರ ಬಾಯಿಗೆ ಬೀಗ.

ಅವನ ಮುಖ ಸಪ್ಪಗಾಯಿತು.

"ಒಂದು ನಕ್ಷೆ ಬೇಕಿತ್ತು," ಎಂದ, ಹೆಂಡತಿಯ ಕಡೆ ನೋಡದೆ. "ಆ ಕೆಂಪು ಕಾರಿನ ಚಾಸಿದು. ನನ್ನ ಸಹಿ ಇದೆಯಲ್ಲ, ಅದು."

ಕೆಂಪು ಕಾರು!

ಈಗ ಯಾರೂ ತಯಾರಿಸದ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಹಾಗೇ ಹೊಸದಾಗಿ ಮಾಡಿಕೊಡುವ ಗ್ಯಾರೇಜು ಅವರಿಬ್ಬರದು. ನಕ್ಷೆ ಅವಳದು, ಕಟ್ಟುವುದು ಅವನದು, ಬೆಸುಗೆ, ಇಬ್ಬರೂ ಪ್ರೀತಿಯಿಂದ ಮಾವ ಎಂದು ಕರೆಯುವ ಹಿರಿಯ ವೆಲ್ಡರಿನದು. ಕಾರಿನ ಅಸ್ಥಿಪಂಜರವಾದ ಚಾಸಿಯನ್ನು ಎರಡು ರೀತಿ ಮಾಡಬಹುದಿತ್ತು. ಹಳೆಯ ಮೂಲ ಮಾದರಿಯಲ್ಲಿ ಉದ್ದಕ್ಕೆ ಎರಡು ದಪ್ಪ ಕೊಳವೆ, ನಡುವೆ ಅಡ್ಡಪಟ್ಟಿ, ಮಲಗಿಸಿದ ಏಣಿಯ ಹಾಗೆ. ಕಟ್ಟುವುದು ಸುಲಭ, ಆದರೆ ಜೋರು ತಿರುವಿನಲ್ಲಿ ತಿರುಚಿಕೊಳ್ಳುತ್ತದೆ. ಹೊಸ ಮಾದರಿಯಲ್ಲಿ ಸಣ್ಣ ಸಣ್ಣ ಚೌಕ ಕೊಳವೆಗಳನ್ನು ತ್ರಿಕೋನ ತ್ರಿಕೋನವಾಗಿ ಹೆಣೆಯುತ್ತಾರೆ. ಅದು ಜಗ್ಗುವುದಿಲ್ಲ. ಮೇಲೆ ಕವಚ ಕೂತರೆ ಎರಡೂ ಒಂದೇ ಥರ.

ಕೆಂಪು ಕಾರಿನ ಗಿರಾಕಿ ಒಳಗೂ ಹೊರಗೂ ಮೂಲದಂತೆಯೇ ಬೇಕೆಂದಿದ್ದ. ಗಂಡ ಮಾತು ಕೊಟ್ಟಿದ್ದ. "ಕಣ್ಣಿಗೆ ಬೀಳದ ಜಾಗದಲ್ಲೇ ಕಣೇ ನಮ್ಮ ನಿಯತ್ತಿರೋದು" ಎನ್ನುವ ಮನುಷ್ಯ. ಅವಳು ಬರೆದ ನಕ್ಷೆಗೆ ಸಹಿ ಹಾಕಿದ.

ಆದರೆ ಪ್ರತಿ ಕಾರನ್ನೂ ಮೊದಲು ಓಡಿಸಿ ನೋಡುವವನು ಅವನೇ. ಹಿಂದಿನ ಸಲ ಅಂಥದೇ ಚಾಸಿಯ ಕಾರು ತಿರುವಿನಲ್ಲಿ ತಿರುಚಿ, ಬಾಗಿಲು ತಾನಾಗಿ ತೆರೆದುಕೊಂಡಿತ್ತು. ಬಂದು ನಗುತ್ತಾ ಹೇಳಿದ್ದ. ಅವಳಿಗೆ ನಗು ಬಂದಿರಲಿಲ್ಲ.

ಅವನು ಎಂಜಿನ್ ಹುಡುಕಿಕೊಂಡು ಊರೂರು ಅಲೆಯುತ್ತಿದ್ದ ಮೂರು ವಾರದಲ್ಲಿ ಅವಳು ಇನ್ನೊಂದು ನಕ್ಷೆ ಬರೆದಳು. ಹೊಸ ಮಾದರಿಯದು. "ಅವರೇ ಬದಲಾಯಿಸಿದ್ದಾರೆ ಮಾವ, ಹೀಗೇ ಬೆಸೀರಿ" ಎಂದು ಕೊಟ್ಟಳು. ಗಂಡ ಬರುವಷ್ಟರಲ್ಲಿ ಮೇಲೆ ಕವಚ, ಕೆಳಗೆ ತಗಡು, ಎಲ್ಲ ಮುಚ್ಚಿಹೋಗಿತ್ತು.

ವಾಹನ ಪ್ರದರ್ಶನದಲ್ಲಿ ಪರೀಕ್ಷಕನೊಬ್ಬ ಟಾರ್ಚು ಹಿಡಿದು ಕೆಳಗೆ ನುಸುಳಿದ, ತಗಡು ಬಿಚ್ಚಿದ, ನಗುತ್ತಾ ಎದ್ದುಬಂದ. "ಇದು ಮೂಲ ಮಾದರಿಯಲ್ಲ ಸ್ವಾಮಿ, ಬರೀ ವೇಷ!"

ಅಷ್ಟು ಜನರೆದುರು ಗಂಡ ತಲೆ ತಗ್ಗಿಸಿದ. ಆಮೇಲೆ ವೆಲ್ಡರ್ ಮಾವನ ಮೇಲೆ ಸಿಡಿದ. "ನಕ್ಷೆ ಬಿಟ್ಟು ಮನಸ್ಸಿಗೆ ಬಂದ ಹಾಗೆ ಬೆಸೆದ್ರಾ?"

ಮಾವ ಒಮ್ಮೆ ಅವಳ ಕಡೆ ನೋಡಿದರು. ಅವಳು ತನ್ನ ಚಪ್ಪಲಿ ನೋಡಿಕೊಂಡಳು. ಅವರು ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟು ಹೊರಟುಹೋದರು.

ಮನೆಯಲ್ಲಿ ಅವಳೆಂದಳು, "ಹೊಸ ಚಾಸಿಯೇ ಒಳ್ಳೇದಲ್ವಾ, ಹೋಗಲಿ ಬಿಡಿ."

"ನೀನೂ ಮೋಸದ ಪಕ್ಷವಾ?"

ಹಾಗೆ ಗ್ಯಾರೇಜಿಗೆ ಬೀಗ ಹಾಕಿ ಮನೆ ಬಿಟ್ಟು ಹೋದವನು ಇವತ್ತು ಬಂದಿದ್ದಾನೆ.

"ಈಗ ಯಾಕೆ ಆ ನಕ್ಷೆ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ನಾನು ಕೆಲಸ ಮಾಡೋ ಕಡೆ ಮುಖ್ಯ ವೆಲ್ಡರ್ ಬೇಕು. ಮಾವ ಅರ್ಜಿ ಹಾಕಿದ್ದಾರೆ. ಆ ಮನುಷ್ಯ ನಕ್ಷೆಗೆ ಬೆಲೆ ಕೊಡಲ್ಲ ಅಂದೆ. ಹಾಗಾದ್ರೆ ಆ ನಕ್ಷೆ ತೋರಿಸಿ ಅಂದ್ರು ಯಜಮಾನರು. ಹತ್ತು ಗಂಟೆಗೆ ತೀರ್ಮಾನ."

"ಮಾವ ಈಗ... ಏನು ಮಾಡ್ಕೊಂಡಿದ್ದಾರೆ?"

"ಕಿಟಕಿಗೆ ಸರಳು ಬೆಸೀತಾರಂತೆ." ಅವನ ದನಿ ಮೆತ್ತಗಾಯಿತು. "ಇದೊಂದು ಮುಗಿದುಬಿಡಲಿ... ನಾನು ಮನೆಗೆ ಬಂದುಬಿಡ್ತೀನಿ ಕಣೇ. ಸಾಕಾಗಿದೆ. ಬೋಲ್ಟು ನನ್ನ ಜೊತೆ ಮಾತೇ ಆಡಲ್ಲ. ಮಗಳೇ ಕೈ ತಪ್ಪಿಹೋದಳಾ ಅಂತ ಭಯ ಆಗುತ್ತೆ."

ಬಂದುಬಿಡ್ತೀನಿ! ಎಷ್ಟು ದಿನ ಕಾದ ಮಾತು!

ಅವಳು ಒಳಕೋಣೆಗೆ ಹೋಗಿ ಬೀರು ತೆರೆದಳು. ಎರಡು ಸುರುಳಿ, ಒಂದರ ಪಕ್ಕ ಒಂದು. ಸಹಿ ಇರುವುದನ್ನು ಕೊಟ್ಟರೆ ಗಂಡ ಮನೆಗೆ ಬರುತ್ತಾನೆ, ಮಾವ ಕಿಟಕಿ ಬೆಸೆಯುತ್ತಲೇ ಇರುತ್ತಾರೆ. ಇನ್ನೊಂದನ್ನು ಕೊಟ್ಟರೆ...

ಮಾವ ಇದುವರೆಗೂ ಬಾಯಿ ಬಿಟ್ಟಿಲ್ಲ. ಇನ್ನೂ ಬಿಡಲಾರರು. ಯಾರಿಗೂ ಗೊತ್ತಾಗುವುದಿಲ್ಲ...

ಸಹಿಯಿದ್ದ ಸುರುಳಿಯ ಮೇಲೆ ಕೈಯಿಟ್ಟು ತಿರುಗಿದಳು.

ಬಾಗಿಲಲ್ಲಿ ಬೋಲ್ಟು. ಬಿಚ್ಚಿದ ಕೂದಲು, ದೊಡ್ಡ ಕಣ್ಣು. ಅಮ್ಮನನ್ನೇ ನೋಡುತ್ತಾ, ತೋರುಬೆರಳನ್ನು ಮೆಲ್ಲಗೆ ತುಟಿಯ ಮೇಲಿಟ್ಟುಕೊಂಡಳು.

ಅವಳು ಸುರುಳಿಯ ಮೇಲಿನ ಕೈ ಹಿಂದಕ್ಕೆ ತೆಗೆದಳು.

ಎರಡನೇ ನಕ್ಷೆ ಬರೆದ ದಿನ ಈ ಮಗು ಮೇಜಿನ ಕೆಳಗೆ ವಾಷರ್ ಪೋಣಿಸುತ್ತಾ ಕೂತಿತ್ತು. ಮಾವನಿಗೆ ಹೇಳಿದ ಸುಳ್ಳನ್ನೂ ಕೇಳಿಸಿಕೊಂಡಿತ್ತು. "ಅಪ್ಪನಿಗೆ ಹೇಳಬಾರದು, ಆಯ್ತಾ ಚಿನ್ನಾ?" ಎಂದಿದ್ದವಳು ತಾನೇ. ಆಗಲೂ ಹೀಗೇ ತುಟಿಗೆ ಬೆರಳು.

ಅಯ್ಯೋ... ಅಪ್ಪನ ಮೇಲೆ ಮುನಿಸಲ್ಲ ಇದಕ್ಕೆ! ಬಾಯಿ ತೆರೆದರೆ ಎಲ್ಲಿ ಆ ಮಾತು ಜಾರಿಬಿಡುತ್ತದೋ ಎಂಬ ಹೆದರಿಕೆ. ಇಷ್ಟು ದಿನ, ಇಷ್ಟು ಚಿಕ್ಕ ಬಾಯಿಗೆ... ನಾನೆಂಥ ತಾಯಿ?

ಎರಡೂ ಸುರುಳಿ ಎತ್ತಿಕೊಂಡು ಬಂದು ಗಂಡನ ಮುಂದೆ ಹರಡಿದಳು.

"ಇದು ನಿಮ್ಮ ಸಹಿ ಇರೋದು. ಇದು ನಾನು ಮಾವನಿಗೆ ಕೊಟ್ಟಿದ್ದು. ನೀವೇ ಬದಲಾಯಿಸಿದ್ರಿ ಅಂತ ಸುಳ್ಳು ಹೇಳಿದ್ದೆ."

ಅವನು ನೋಡಿದ. ಅವಳ ಅಕ್ಷರ, ಅವಳ ಅಂಕೆ.

"ಯಾಕೆ?"

"ಬಾಗಿಲು ತೆರೆದುಕೊಂಡಿದ್ದು ಹೇಳಿ ನಕ್ಕಿರಲ್ಲ, ಅವತ್ತಿಂದ ನಿದ್ದೆ ಬಂದಿರಲಿಲ್ಲ. ಚಾಸಿ ಬದಲಾಯಿಸಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ ರೀ. ಮುಚ್ಚಿಟ್ಟಿದ್ದಕ್ಕೆ ಇದೆ. ಮಾವ ಬೈಸಿಕೊಳ್ಳುವಾಗ ಸುಮ್ಮನೆ ನಿಂತಿದ್ದಕ್ಕೆ..."

"ನನ್ನನ್ನೊಂದು ಮಾತು ಕೇಳಬಹುದಿತ್ತಲ್ಲೇ!"

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ. ಜಗಳ ಆಡಬಹುದಿತ್ತು. ನನ್ನ ಹೆಸರು ಹೋಗಿದ್ದು ಇರಲಿ. ಅಪ್ಪನಂಥ ಮನುಷ್ಯನನ್ನ ಅಷ್ಟು ಜನರ ಮುಂದೆ..."

ಮಾತು ಮುಗಿಸದೆ ಫೋನು ತೆಗೆದ.

"ಮಾವ... ನಾನು. ಇಡಬೇಡಿ, ದಯವಿಟ್ಟು. ತಪ್ಪು ನಿಮ್ಮದಲ್ಲ... ನಿಮಗೆ ಗೊತ್ತು, ನನಗೆ ಈಗ ಗೊತ್ತಾಯ್ತು. ಹತ್ತು ಗಂಟೆಗೆ ಮೊದಲೇ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಯಜಮಾನರಿಗೂ ನಾನೇ ಹೇಳ್ತೀನಿ... ಏನು?... ಹೂಂ, ಹೇಳ್ತೀನಿ."

"ಏನಂದ್ರು?" ಅವಳು ಕಣ್ಣೊರೆಸಿಕೊಂಡಳು.

"'ಬೈಯೋದಾದ್ರೆ ನಾನು ಬಂದ ಮೇಲೆ ಬೈಯಿ, ಅವಳನ್ನ ಒಬ್ಬಳೇ ಇದ್ದಾಗ ಬೈಬೇಡ' ಅಂದ್ರು."

ಅವಳು ತಡೆಯಲಾರದೆ ಅತ್ತಳು. ಕೆಳಗೆ ಶಾಲೆಯ ವ್ಯಾನು ಎರಡು ಸಲ ಕೂಗಿ ಹೊರಟುಹೋಯಿತು.

"ನನ್ನ ಕೋಪ ಹೋಗಿಲ್ಲ," ಎಂದ ಅವನು.

"ಕೋಪ ಮಾಡ್ಕೊಂಡೇ ಇರಿ. ಇಲ್ಲೇ ಇರಿ."

ಅವನು ಅವಳ ಕೈಯನ್ನು ತನ್ನ ಗ್ರೀಸು ಹಿಡಿದ ಕೈಯೊಳಗೆ ತೆಗೆದುಕೊಂಡ. "ಗ್ಯಾರೇಜು ಮತ್ತೆ ತೆಗೆದ ಮೇಲೆ ಎರಡೂ ಚಾಸಿಯ ನಕ್ಷೆ ಬರಿ. ಯಾವುದರಲ್ಲಿ ಏನಿದೆ, ಏನಿಲ್ಲ, ಮೇಲೇ ಬರಿ. ಗಿರಾಕಿ ನೋಡಿ ಆರಿಸಲಿ."

"ಓಡಿಸಿ ನೋಡೋವಾಗ?"

"ನೀನೂ ಪಕ್ಕದಲ್ಲಿ ಕೂತಿರ್ತೀಯಲ್ಲ. ಬೈದ್ರೆ ನಿಧಾನ ಮಾಡ್ತೀನಿ."

ಅಳುವಿನ ನಡುವೆ ಅವಳಿಗೆ ನಗು ಬಂತು.

ಬೋಲ್ಟು ಮೆಲ್ಲಗೆ ಬಂದು ಇಬ್ಬರ ಮಂಡಿಗಳ ನಡುವೆ ನಿಂತಳು. ತುಟಿಯ ಮೇಲಿನ ಬೆರಳು ಇನ್ನೂ ತೆಗೆದಿರಲಿಲ್ಲ. ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಆಮೇಲೆ ಕೈ ಕೆಳಗಿಳಿಸಿದಳು.

"ಅಮ್ಮ... ಈಗ ನಾನು ಅಪ್ಪನ ಹತ್ರ ಮಾತಾಡಬಹುದಾ?"